‘10ಕೆ ಡ್ರೈವರ್ ಕೊಂಡರೆ ಚೆಂಡು ಪಕ್ಕಕ್ಕೆ ಹೋಗುವುದೇ ಇಲ್ಲ’ ಎಂಬ ಮಾತು ಎಷ್ಟು ನಿಜ?

“ಎಲ್ಲಿ ಬಡಿದರೂ ಚೆಂಡು ನೇರ. ಸ್ಲೈಸ್‌ಗೆ ಶಾಶ್ವತ ಪರಿಹಾರ. ಹೊಸಬರೂ 20 ಗಜ ಹೆಚ್ಚು ದೂರ ಹೊಡೆಯಬಹುದು!” ಗಾಲ್ಫ್ ಆಡುವವರ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಇಂಥ ಧಾಟಿಯ ಸಂದೇಶ ನೋಡಿಯೇ ಇರುತ್ತೀರಿ. ನೀವು ಆಡದಿದ್ದರೂ, ನಿವೃತ್ತಿಯಾದ ಮೇಲೆ ಗಾಲ್ಫ್ ಹಿಡಿದ ಅಪ್ಪನಿಗೋ ಮಾವನಿಗೋ ಉಡುಗೊರೆ ಕೊಡಲು ಹೊರಟಿರಬಹುದು. ಬೆಂಗಳೂರಿಗೆ ಗಾಲ್ಫ್ ಹೊಸದೇನಲ್ಲ. ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಈಗ ಹೆಬ್ಬಾಳ, ಯಲಹಂಕ ದಾಟಿ ನಂದಿಬೆಟ್ಟದ ಕಡೆ ಹೋದರೆ ಅಲ್ಲೂ ಮೈದಾನವಿದೆ.

ಹೆಸರಾಂತ ಕಂಪನಿಯ ಹೊಸ ಡ್ರೈವರ್ ಬೆಲೆ ಅರ್ಧ ಲಕ್ಷ ರೂಪಾಯಿಯ ಆಸುಪಾಸಿನಲ್ಲಿದೆ. ಅಷ್ಟು ದುಡ್ಡು ಸುರಿಯುವ ಮೊದಲು ಈ ಸಂದೇಶದಲ್ಲಿ ಎಷ್ಟು ಸತ್ಯವಿದೆ ಎಂದು ನೋಡೋಣ.

ಡ್ರೈವರ್ ಎಂದರೇನು, ಹ್ಯಾಂಡಿಕ್ಯಾಪ್ ಎಂದರೇನು?

ಡ್ರೈವರ್ ಎಂದರೆ ಮೊದಲ ಹೊಡೆತಕ್ಕೆ, ಚೆಂಡನ್ನು ಅತಿ ದೂರ ಕಳಿಸಲು ಬಳಸುವ ಉದ್ದನೆಯ, ದಪ್ಪ ತಲೆಯ ಕೋಲು. ಹ್ಯಾಂಡಿಕ್ಯಾಪ್ ಆಟಗಾರನ ಮಟ್ಟ ಹೇಳುವ ಸಂಖ್ಯೆ. 72 ಹೊಡೆತಗಳಲ್ಲಿ ಮುಗಿಸಬೇಕಾದ ಮೈದಾನವನ್ನು ಒಬ್ಬರು ಚೆನ್ನಾಗಿ ಆಡಿದ ದಿನ ಸುಮಾರು 92ರಲ್ಲಿ ಮುಗಿಸಿದರೆ ಅವರ ಹ್ಯಾಂಡಿಕ್ಯಾಪ್ 20ರ ಹತ್ತಿರ ಎನ್ನಬಹುದು. ಸಾಮಾನ್ಯವಾಗಿ 10ರಿಂದ 20 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು. ವಾರಾಂತ್ಯದಲ್ಲಿ ಆಡುವ ಬಹುತೇಕರು ಈ ಎರಡು ಗುಂಪಿನವರೇ.

‘ಕ್ಷಮಿಸುವ’ ಡ್ರೈವರ್ ಏನನ್ನು ಕ್ಷಮಿಸುತ್ತದೆ?

ಗಲ್ಲಿ ಕ್ರಿಕೆಟ್ ನೆನಪಿಸಿಕೊಳ್ಳಿ. ಚೆಂಡು ಬ್ಯಾಟಿನ ನಡುವಿಗೆ ಬಿದ್ದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಅಂಚಿಗೆ ತಗುಲಿದರೆ ಬ್ಯಾಟು ಕೈಯಲ್ಲೇ ತಿರುಚಿಕೊಳ್ಳುತ್ತದೆ, ಚೆಂಡಿನ ವೇಗ ಸತ್ತುಹೋಗುತ್ತದೆ. ಡ್ರೈವರಿನಲ್ಲೂ ಹೀಗೇ.

ಈ ತಿರುಚುವಿಕೆಯನ್ನು ತಡೆಯುವ ಗುಣಕ್ಕೆ ಜಡತ್ವ ಭ್ರಾಮಕ ಎನ್ನುತ್ತಾರೆ. ಜಾಹೀರಾತುಗಳಲ್ಲಿ ಬರುವ ‘ಎಂಒಐ’ ಇದೇ. ಬಿದಿರು ಗಳದ ಎರಡೂ ತುದಿಗೆ ತುಂಬಿದ ಕೊಡ ಕಟ್ಟಿ ಹೆಗಲ ಮೇಲೆ ಹೊತ್ತವರು ಗಕ್ಕನೆ ಪಕ್ಕಕ್ಕೆ ತಿರುಗಲಾರರು. ಅದೇ ಭಾರವನ್ನು ಎದೆಗೆ ಅಪ್ಪಿಕೊಂಡಿದ್ದರೆ ಸುಲಭವಾಗಿ ತಿರುಗಬಹುದು. ತೂಕ ನಡುವಿನಿಂದ ದೂರ ಹೋದಷ್ಟೂ ತಿರುಗಿಸುವುದು ಕಷ್ಟ. ಅದಕ್ಕೇ ಇಂಥ ಡ್ರೈವರುಗಳ ತಲೆ ದೊಡ್ಡದು, ತೂಕ ಹಿಂಬದಿಗೆ ಮತ್ತು ಅಂಚುಗಳಿಗೆ ಹಂಚಿರುತ್ತದೆ. ನಡು ತಪ್ಪಿದ ಹೊಡೆತದಲ್ಲೂ ತಲೆ ಕಡಿಮೆ ತಿರುಚುತ್ತದೆ, ಚೆಂಡು ಅಷ್ಟಾಗಿ ವೇಗ ಕಳೆದುಕೊಳ್ಳುವುದಿಲ್ಲ. ಇಷ್ಟು ನಿಜ.

‘10ಕೆ’ ಎಂದರೆ ಮಿತಿ ಮೀರಿದ್ದೇ?

ಗಾಲ್ಫ್ ನಿಯಮ ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ಡ್ರೈವರ್ ತಲೆಯ ಗಾತ್ರವನ್ನು 460 ಘನ ಸೆಂ.ಮೀ.ಗೆ, ಎಡ-ಬಲ ತಿರುಚುವಿಕೆಯ ಜಡತ್ವ ಭ್ರಾಮಕವನ್ನು 5,900ಕ್ಕೆ ಮಿತಿಗೊಳಿಸಿವೆ (ಅಳತೆ ಗ್ರಾಂ-ಚದರ ಸೆಂ.ಮೀ.ನಲ್ಲಿ, ಅಳೆಯುವಾಗಿನ ಸಣ್ಣ ವ್ಯತ್ಯಾಸಕ್ಕೆ ಸ್ವಲ್ಪ ರಿಯಾಯಿತಿಯುಂಟು). ಹಾಗಾದರೆ 2024ರಲ್ಲಿ ಪಿಂಗ್, ಟೇಲರ್‌ಮೇಡ್ ಕಂಪನಿಗಳು ತಂದ ‘10,000’ ಎಲ್ಲಿಂದ ಬಂತು?

ಅದು ಎರಡು ಸಂಖ್ಯೆಗಳ ಮೊತ್ತ. ಎಡ-ಬಲ ತಿರುಚುವಿಕೆಯದು ಒಂದು, ಮೇಲೆ-ಕೆಳಗೆ ತಿರುಚುವಿಕೆಯದು ಇನ್ನೊಂದು. ಎರಡನ್ನೂ ಕೂಡಿಸಿದರೆ 10,000 ದಾಟುತ್ತದೆ. ಸುಳ್ಳಲ್ಲ, ಆದರೆ ಹಳೆಯ ಡ್ರೈವರಿನ 5,000ದ ಪಕ್ಕದಲ್ಲಿಟ್ಟು ‘ದುಪ್ಪಟ್ಟು’ ಎಂದರೆ ಅದು ತಪ್ಪು ಲೆಕ್ಕ.

ಹಾಗಾದರೆ ಸ್ಲೈಸ್ ಹೋಗುತ್ತದೆಯೇ?

ಇಲ್ಲೇ ಸಂದೇಶ ಎಡವುವುದು. ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗುತ್ತಾ ಹೋಗುವುದಕ್ಕೆ ಸ್ಲೈಸ್ ಎನ್ನುತ್ತಾರೆ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಡ್ರೈವರಿನ ಮುಖ ನೋಡುತ್ತಿರುವ ದಿಕ್ಕು. ತಲೆ ಬೀಸಿಕೊಂಡು ಹೋಗುವ ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಓರೆಯಾಗಿ ತಿರುಗುತ್ತಾ ಬಲಕ್ಕೆ ಬಾಗುತ್ತದೆ. ನಡುವಿಗೇ ಸರಿಯಾಗಿ ತಗುಲಿದರೂ ಬಾಗುತ್ತದೆ. ಅಂದರೆ ಕ್ಷಮಿಸುವ ಡ್ರೈವರ್ ಕ್ಷಮಿಸುವುದು ನಡು ತಪ್ಪಿದ್ದನ್ನು, ದಿಕ್ಕು ತಪ್ಪಿದ್ದನ್ನಲ್ಲ.

20 ಗಜದ ಮಾತಿಗೂ ಒಂದು ಎಚ್ಚರಿಕೆ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ 200 ಗಜದ ಹೊಡೆತ ಮಂಗಳೂರಿಗಿಂತ ಇಲ್ಲಿ ಐದಾರು ಗಜ ಮುಂದೆ ಬೀಳಬಹುದು. ಹಳೆಯದನ್ನೂ ಹೊಸದನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಹೊಡೆದು ಹೋಲಿಸಿ.

ಕೊಳ್ಳುವ ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ

ವೈಟ್‌ಬೋರ್ಡ್ ಮಾರ್ಕರಿನಿಂದ ಹಳೆಯ ಡ್ರೈವರಿನ ಮುಖಕ್ಕೆ ಬಣ್ಣ ಬಳಿದು ಹತ್ತು ಚೆಂಡು ಹೊಡೆಯಿರಿ. ತಗುಲಿದ ಕಡೆ ಬಣ್ಣ ಅಳಿಸಿರುತ್ತದೆ.

ಗುರುತುಗಳು ಮುಖದ ತುಂಬ ಚದುರಿದ್ದರೆ ಕ್ಷಮಿಸುವ ಡ್ರೈವರ್ ನಿಮಗೆ ನಿಜಕ್ಕೂ ನೆರವಾಗುತ್ತದೆ. ಗುರುತೆಲ್ಲ ನಡುವಿನಲ್ಲಿದ್ದೂ ಚೆಂಡು ಬಲಕ್ಕೆ ಬಾಗುತ್ತಿದ್ದರೆ ದುಡ್ಡನ್ನು ಡ್ರೈವರಿಗಲ್ಲ, ತರಬೇತುದಾರರ ಕೆಲವು ಪಾಠಗಳಿಗೆ ಹಾಕಿ. ಎಲ್ಲವೂ ಒಂದೇ ಅಂಚಿನಲ್ಲಿದ್ದರೆ ಮೊದಲು ಚೆಂಡಿನಿಂದ ನೀವು ನಿಲ್ಲುವ ದೂರವನ್ನು ಸರಿಪಡಿಸಿಕೊಳ್ಳಿ.

ಕೊಳ್ಳುವುದೇ ಆದರೆ ಏನು ನೋಡಬೇಕು?

ಮುಖದ ಓರೆ, ಅಂದರೆ ಲಾಫ್ಟ್, 10.5ರಿಂದ 12 ಡಿಗ್ರಿ ಇರಲಿ. ಓರೆ ಹೆಚ್ಚಿದ್ದರೆ ನಿಧಾನ ಬೀಸುವವರ ಚೆಂಡೂ ಮೇಲೇರುತ್ತದೆ, ಪಕ್ಕಕ್ಕೆ ಬಾಗುವುದೂ ಕಡಿಮೆ. ನಿಯಮದ ಪ್ರಕಾರ ಕೋಲಿನ ಉದ್ದ 48 ಇಂಚಿನವರೆಗೆ ಇರಬಹುದು. ಆದರೆ 45 ಇಂಚಿನ ಆಸುಪಾಸಿನಲ್ಲಿದ್ದರೆ ನಡುವಿಗೆ ಹೊಡೆಯುವುದು ಸುಲಭ. ನಿಧಾನ ಬೀಸುವವರಿಗೆ ಬಳುಕುವ ಶಾಫ್ಟ್ ಹೊಂದುತ್ತದೆ. ‘ಡ್ರಾ’ ಮಾದರಿಗಳಲ್ಲಿ ಹಿಮ್ಮಡಿ ಕಡೆ ತೂಕ ಹೆಚ್ಚಿರುವುದರಿಂದ ಸ್ಲೈಸ್ ತುಸು ತಗ್ಗಬಹುದು, ಪೂರ್ತಿ ಹೋಗದು. ‘ಎಲ್‌ಎಸ್’ ಎಂದು ಬರೆದಿರುವವು ಸಾಮಾನ್ಯವಾಗಿ ಜೋರಾಗಿ ಬೀಸುವವರಿಗೆ.

ಅರ್ಧಕ್ಕರ್ಧ ಬೆಲೆಯ ‘ಒರಿಜಿನಲ್’ ಲಿಂಕ್ ಬಂದರೆ ಅಲ್ಲೇ ನಿಲ್ಲಿ. ದುಬಾರಿ ಡ್ರೈವರುಗಳಿಗೆ ನಕಲಿಗಳಿವೆ. ನಿಯಮಕ್ಕೆ ಒಳಪಟ್ಟ ಡ್ರೈವರುಗಳ ಪಟ್ಟಿ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಜಾಲತಾಣಗಳಲ್ಲಿದೆ. ಆದರೆ ನಕಲಿಯ ಮೇಲೂ ಅದೇ ಹೆಸರಿರುತ್ತದೆ. ಅಧಿಕೃತ ಮಾರಾಟಗಾರರ ಬಿಲ್ಲೇ ಗ್ಯಾರಂಟಿ.

ಕೊನೆಗೆ ನಮ್ಮೂರಿನದೇ ಉದಾಹರಣೆ. ಬೆಂಗಳೂರಿನ ಅದಿತಿ ಅಶೋಕ್ ಅತಿ ದೂರ ಹೊಡೆಯುವವರ ಸಾಲಿನವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 60 ಆಟಗಾರ್ತಿಯರ ನಡುವೆ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ.

ನಮ್ಮ ತೀರ್ಮಾನ: ಸಂದೇಶ ಅರ್ಧ ಸತ್ಯ. ಗುಂಪಿನಲ್ಲಿ ಮತ್ತೆ ಅದು ಬಂದರೆ ಮಾರ್ಕರ್ ಪರೀಕ್ಷೆಯನ್ನೂ ಜೊತೆಗೆ ಕಳಿಸಿ. ಯಾರದೋ ಅರ್ಧ ಲಕ್ಷ ಉಳಿಯಬಹುದು.