ಶ್ಟೊಲೆನ್‌ಗೆ ಬೂಷ್ಟು ಯಾಕೆ ಬೇಗ ಹಿಡಿಯೋದಿಲ್ಲ?

ಡಿಸೆಂಬರ್ ಬಂತು ಅಂದರೆ ಜರ್ಮನಿಯಲ್ಲಿರುವ ನಮ್ಮವರ ಮನೆಗಳಲ್ಲೂ ಓವನ್ ಬಿಸಿಯಾಗುತ್ತದೆ. ಊರಿಗೆ ಹೊರಟವರ ಸೂಟ್‌ಕೇಸಿನಲ್ಲಿ ಒಂದು ಪೊಟ್ಟಣ ತುರುಕಿ, "ಅಮ್ಮನಿಗೆ ತಲುಪಿಸಿಬಿಡಿ" ಅನ್ನುವ ಕಾಲವೂ ಇದೇ. ಆಗ ಒಂದು ಅನುಮಾನ ಬರುತ್ತೆ. ಅಲ್ಲಿ ಅವರು ಪೊಟ್ಟಣ ಬಿಚ್ಚಿ, ಅಕ್ಕಪಕ್ಕದವರಿಗೆಲ್ಲ ಹಂಚಿ ಮುಗಿಸುವ ತನಕ ಇದು ಕೆಡದೆ ಇರುತ್ತಾ? ಸಾಮಾನ್ಯ ಸ್ಪಂಜ್ ಕೇಕ್ ಆದರೆ ಕಷ್ಟ. ಶ್ಟೊಲೆನ್ ಆದರೆ ಇರುತ್ತೆ. ಎರಡರಲ್ಲೂ ಇರೋದು ಹಿಟ್ಟು, ಬೆಣ್ಣೆ, ಸಕ್ಕರೆ. ಮತ್ತೆ ವ್ಯತ್ಯಾಸ ಎಲ್ಲಿ? ಈ ಕಂತಿನಲ್ಲಿ ಅದನ್ನೇ ನೋಡೋಣ. ಮಾಡುವ ವಿಧಾನವನ್ನೂ ಹೇಳ್ತೀವಿ. ಮೊಟ್ಟೆ ಬೇಕಿಲ್ಲ, ಹಾಗಾಗಿ ಮನೆಯ ಹಿರಿಯರಿಗೂ ಕಳಿಸಬಹುದು.

ಶ್ಟೊಲೆನ್ ಅಂದರೆ ಯೀಸ್ಟ್ ಹಾಕಿ ಉಬ್ಬಿಸಿ, ಒಣದ್ರಾಕ್ಷಿ, ಬಾದಾಮಿ, ಸಕ್ಕರೆಪಾಕದ ಕಿತ್ತಳೆ ಸಿಪ್ಪೆ ತುಂಬಿ, ಮೇಲೆ ಬಿಳಿ ಸಕ್ಕರೆಪುಡಿ ಹೊದಿಸಿದ ಕ್ರಿಸ್ಮಸ್ ಬ್ರೆಡ್. ಡ್ರೆಸ್ಡೆನ್ ಊರು ಇದಕ್ಕೆ ಹೆಸರುವಾಸಿ. ಮೊದಲು ಇದು ಉಪವಾಸದ ತಿಂಡಿ. ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಚರ್ಚು ಬೆಣ್ಣೆ ತಿನ್ನಲು ಬಿಡುತ್ತಿರಲಿಲ್ಲ, ಎಣ್ಣೆ ಹಾಕಿಯೇ ಮಾಡಬೇಕಿತ್ತು. 1491ರಲ್ಲಿ ಪೋಪ್ ಎಂಟನೇ ಇನ್ನೊಸೆಂಟ್ ಕೊಟ್ಟ ಅನುಮತಿಗೆ 'ಬೆಣ್ಣೆ ಪತ್ರ' ಅಂತಲೇ ಹೆಸರು ಬಿತ್ತು. ಇವತ್ತು ಡ್ರೆಸ್ಡೆನ್ ಹೆಸರಿನಲ್ಲಿ ಮಾರುವ ಶ್ಟೊಲೆನ್‌ನಲ್ಲಿ ಪ್ರತಿ 100 ಗ್ರಾಂ ಹಿಟ್ಟಿಗೆ ಕನಿಷ್ಠ 50 ಗ್ರಾಂ ಬೆಣ್ಣೆ, 65 ಗ್ರಾಂ ಒಣದ್ರಾಕ್ಷಿ ಇರಲೇಬೇಕು. ಈ ಅಳತೆಗಳನ್ನು ನೆನಪಿಟ್ಟುಕೊಳ್ಳಿ. ರುಚಿಯಷ್ಟೇ ಅಲ್ಲ, ಬಾಳಿಕೆಯೂ ಇದರಲ್ಲೇ ಇದೆ.

ಈಗ ನೀರಿನ ವಿಚಾರ. ತಿಂಡಿಯಲ್ಲಿ ನೀರು ಎಷ್ಟಿದೆ ಅನ್ನೋದು ಬೂಷ್ಟಿಗೆ ಮುಖ್ಯ ಅಲ್ಲ. ಅದರಲ್ಲಿ ತನ್ನ ಕೈಗೆ ಸಿಗುವ ನೀರು ಎಷ್ಟು ಅನ್ನೋದು ಮುಖ್ಯ. ಸಕ್ಕರೆ, ಉಪ್ಪು ನೀರಿನ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಆಸ್ಟ್ರೇಲಿಯಾದ ಸೂಕ್ಷ್ಮಜೀವಿ ವಿಜ್ಞಾನಿ ಡಬ್ಲ್ಯು. ಜೆ. ಸ್ಕಾಟ್ 1950ರ ದಶಕದಲ್ಲಿ ಇದನ್ನು ಬ್ಯಾಕ್ಟೀರಿಯಾಗಳ ಮೇಲೆ ಅಳೆದು ತೋರಿಸಿದರು. ಇದಕ್ಕೆ ವಾಟರ್ ಆಕ್ಟಿವಿಟಿ ಅಂತಾರೆ. ಶುದ್ಧ ನೀರಿಗೆ 1. ಹೊಸ ಬ್ರೆಡ್ಡಿಗೆ ಸುಮಾರು 0.95. ಸುಮಾರು 0.9ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ. 0.8ಕ್ಕಿಂತ ಕೆಳಗೆ ಸಾಮಾನ್ಯ ಬೂಷ್ಟುಗಳೂ ಕೈಚೆಲ್ಲುತ್ತವೆ. 0.6ರ ಕೆಳಗೆ ಯಾವ ಜೀವಿಯೂ ಬೆಳೆಯದು.

ಇದೆಲ್ಲ ಹೊಸದು ಅನಿಸಿದರೆ, ಉಂಡೆ ಮಾಡುವಾಗ ಬೆಲ್ಲದ ಪಾಕವನ್ನು ಬೆರಳುಗಳ ನಡುವೆ ಎಳೆದು ನೋಡುವ ಅಜ್ಜಿಯನ್ನು ನೆನಪಿಸಿಕೊಳ್ಳಿ. ಒಂದೆಳೆ ಪಾಕವೋ, ಎರಡೆಳೆಯೋ ಅಂತ ನೋಡೋದು ಪಾಕದಲ್ಲಿ ಇನ್ನೂ ಎಷ್ಟು ನೀರು ಉಳಿದಿದೆ ಅನ್ನುವ ಪರೀಕ್ಷೆಯೇ. ಹಸಿ ಕಾಯಿಯ ಹೋಳಿಗೆ ಬೇಗ ಹಳಸುತ್ತದೆ, ಒಣ ಕೊಬ್ಬರಿ ಹಾಕಿದ ಗೋಕಾಕದ ಕರದಂಟು ವಾರಗಟ್ಟಲೆ ಇರುತ್ತೆ. ಶ್ಟೊಲೆನ್ ಕರದಂಟಿನ ಕಡೆಗೇ ವಾಲಿದ ಬ್ರೆಡ್ಡು ಅನ್ನಬಹುದು.

ಒಂದು ತೊಡಕು ಇದೆ. ಬೂಷ್ಟನ್ನು ತಡೆಯುವ ಸಕ್ಕರೆಯೇ ಯೀಸ್ಟನ್ನೂ ಹಿಂಸಿಸುತ್ತದೆ. ಯೀಸ್ಟ್ ಕೂಡ ಶಿಲೀಂಧ್ರವೇ ತಾನೆ! ಸಿಹಿ ಹಿಟ್ಟಿನಲ್ಲಿ ಅದರ ಕೋಶದಿಂದ ನೀರು ಹೊರಗೆ ಎಳೆಯಲ್ಪಡುತ್ತದೆ, ಕೋಶ ಕುಗ್ಗುತ್ತದೆ. ಆಗ ಅದು ಗ್ಲಿಸರಾಲ್ ಎಂಬ ಪದಾರ್ಥವನ್ನು ತಯಾರಿಸಿ ಒಳಗೆ ತುಂಬಿಕೊಂಡು ನೀರನ್ನು ಉಳಿಸಿಕೊಳ್ಳುತ್ತದೆ. ಇದಕ್ಕೆ ಸಮಯ ಬೇಕು. ಅದಕ್ಕೇ ಇಲ್ಲಿನ ಮನೆಗಳಲ್ಲಿ ಮೊದಲು ಯೀಸ್ಟ್, ಹಾಲು, ಸ್ವಲ್ಪ ಹಿಟ್ಟು ಮಾತ್ರ ಕಲಸಿ ಅರ್ಧ ಗಂಟೆ ಬಿಡ್ತಾರೆ. ಸಕ್ಕರೆ, ಬೆಣ್ಣೆ, ದ್ರಾಕ್ಷಿ ಎಲ್ಲ ಆಮೇಲೆ. ಅವಸರಕ್ಕೆ ಬಿದ್ದು ಎಲ್ಲ ಒಟ್ಟಿಗೆ ಸುರಿದರೆ ಸಿಗೋದು ಇಟ್ಟಿಗೆ.

ಮಾಡೋದು ಹೀಗೆ. 350 ಗ್ರಾಂ ಒಣದ್ರಾಕ್ಷಿಯನ್ನು ಹಿಂದಿನ ರಾತ್ರಿ ನಾಲ್ಕೈದು ಚಮಚ ರಮ್‌ನಲ್ಲಿ ನೆನೆಸಿಡಿ. ಮೈದಾ 500 ಗ್ರಾಂ. ಅದರಲ್ಲಿ ಒಂದು ಹಿಡಿ, 150 ಮಿಲಿಲೀಟರ್ ಉಗುರುಬೆಚ್ಚನೆ ಹಾಲು, 42 ಗ್ರಾಂ ಹಸಿ ಯೀಸ್ಟ್ (ಒಣ ಯೀಸ್ಟ್ ಆದರೆ 14 ಗ್ರಾಂ) ಕಲಸಿ ನೊರೆ ಬರುವವರೆಗೆ ಬಿಡಿ. ಆಮೇಲೆ ಉಳಿದ ಹಿಟ್ಟು, 75 ಗ್ರಾಂ ಸಕ್ಕರೆ, ಅರ್ಧ ಚಮಚ ಉಪ್ಪು, 250 ಗ್ರಾಂ ಮೆತ್ತನೆ ಬೆಣ್ಣೆ, ನಿಂಬೆಸಿಪ್ಪೆ ತುರಿ, ಜಾಯಿಕಾಯಿ, ಏಲಕ್ಕಿ ಹಾಕಿ ಚೆನ್ನಾಗಿ ನಾದಿ. (ಇಲ್ಲಿನ ಅಂಗಡಿಯ ಏಲಕ್ಕಿ ಬಹುಪಾಲು ಗ್ವಾಟೆಮಾಲಾದ್ದು. ಸಕಲೇಶಪುರದ್ದು ಡಬ್ಬಿಯಲ್ಲಿದ್ದರೆ ಅದನ್ನೇ ಹಾಕಿ.) ಒಂದು ಗಂಟೆ ಉಬ್ಬಲು ಬಿಟ್ಟು, ನೀರು ಬಸಿದ ದ್ರಾಕ್ಷಿ, 100 ಗ್ರಾಂ ಬಾದಾಮಿ ಚೂರು, 100 ಗ್ರಾಂ ಕಿತ್ತಳೆ ಸಿಪ್ಪೆ ಸೇರಿಸಿ. ಉದ್ದಕ್ಕೆ ತಟ್ಟಿ, ಒಂದು ಬದಿಯನ್ನು ಇನ್ನೊಂದರ ಮೇಲೆ ಮಡಚಿ, ಇನ್ನರ್ಧ ಗಂಟೆ ಬಿಟ್ಟು 170 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿ. ಮೇಲೆ ಇಣುಕುವ ದ್ರಾಕ್ಷಿಗಳನ್ನು ಕಿತ್ತುಬಿಡಿ, ಸೀದು ಕಹಿಯಾಗುತ್ತವೆ.

ಓವನ್‌ನಿಂದ ತೆಗೆದ ತಕ್ಷಣ 100 ಗ್ರಾಂ ಕರಗಿಸಿದ ಬೆಣ್ಣೆಯನ್ನು ಎಲ್ಲ ಕಡೆಗೂ ಸವರಿ, ಸಕ್ಕರೆ, ಆಮೇಲೆ ಸಕ್ಕರೆಪುಡಿ ಉದುರಿಸಿ. ಇದು ಬರೀ ಅಲಂಕಾರ ಅಲ್ಲ. ಬೆಂದ ಬ್ರೆಡ್ಡಿನಲ್ಲಿ ಬೂಷ್ಟು ಬದುಕಿರೋದಿಲ್ಲ, ಅದರ ಬೀಜಕಣಗಳು ಆರುವಾಗ ಗಾಳಿಯಿಂದ ಬಂದು ಮೇಲ್ಮೈಯಲ್ಲಿ ಕೂರುತ್ತವೆ. ಅಲ್ಲಿ ಅವಕ್ಕೆ ಸಿಗೋದು ಬೆಣ್ಣೆ, ಸಕ್ಕರೆಯ ಒಣ ಗೋಡೆ. ಪೂರ್ತಿ ಆರುವ ಮುಂಚೆ ಮಾತ್ರ ಸುತ್ತಬೇಡಿ. ಒಳಗಿನ ಹಬೆ ಹನಿಯಾಗಿ ಆ ಗೋಡೆಯನ್ನೇ ಕರಗಿಸುತ್ತೆ.

ಆರಿದ ಮೇಲೆ ಸುತ್ತಿ ತಣ್ಣನೆ ಜಾಗದಲ್ಲಿ ಎರಡು ಮೂರು ವಾರ ಇಡುವ ಪದ್ಧತಿ ಇಲ್ಲಿದೆ. ಆ ಹೊತ್ತಿನಲ್ಲಿ ದ್ರಾಕ್ಷಿಗೂ ಬ್ರೆಡ್ಡಿಗೂ ನಡುವೆ ನೀರು ಹಂಚಿಹೋಗುತ್ತದೆ, ಮಸಾಲೆಯ ಪರಿಮಳ ಒಳಗೆಲ್ಲ ಹರಡುತ್ತದೆ. ಬರೀ ಬ್ರೆಡ್ಡಾಗಿದ್ದರೆ ಅಷ್ಟರಲ್ಲಿ ಕಲ್ಲಾಗಿರುತ್ತಿತ್ತು. ಅದಕ್ಕೆ ಕಾರಣ ನೀರು ಆರಿಹೋಗೋದು ಮಾತ್ರವಲ್ಲ. ಫ್ರಾನ್ಸಿನ ಬೂಸಿಂಗೋ 1852ರಲ್ಲೇ ತೋರಿಸಿದಂತೆ, ನೀರು ಹೋಗದ ಹಾಗೆ ಮುಚ್ಚಿಟ್ಟರೂ ಬ್ರೆಡ್ಡು ಗಟ್ಟಿಯಾಗುತ್ತದೆ. ಪಿಷ್ಟದ ಕಣಗಳು ಮತ್ತೆ ಸಾಲುಗಟ್ಟಿ ಬಿಗಿಯಾಗೋದೇ ಕಾರಣ, ಫ್ರಿಜ್ಜಿನ ಚಳಿಯಲ್ಲಿ ಅದು ಇನ್ನೂ ಜೋರು. ಧಾರಾಳ ಬೆಣ್ಣೆ ಇದನ್ನು ನಿಧಾನ ಮಾಡುತ್ತೆ.

ಊರಿಗೆ ಕಳಿಸುವವರಿಗೆ ಮೂರು ಮಾತು ಹೇಳಲೇಬೇಕು. ಈ ವಾರಗಳ ಲೆಕ್ಕ ಜರ್ಮನಿಯ ಚಳಿಯ ನೆಲಮಾಳಿಗೆಯದ್ದು, ಮಂಗಳೂರಿನ ಸೆಖೆಯದ್ದಲ್ಲ. ಅಲ್ಲಿ ಸಕ್ಕರೆ ಗಾಳಿಯ ತೇವ ಹೀರುತ್ತದೆ, ಬೆಣ್ಣೆ ಬೇಗ ಕಮಟುತ್ತದೆ. ತಲುಪಿದ ವಾರದೊಳಗೆ ತಿನ್ನಲಿ, ಇಲ್ಲವೇ ತುಂಡು ಮಾಡಿ ಫ್ರೀಜರ್‌ನಲ್ಲಿಡಲಿ. ಎರಡನೆಯದು, ರಮ್ ಹಾಕಿದ್ದರೆ ಹೇಳಿಯೇ ಕೊಡಿ. ಓವನ್‌ನಲ್ಲಿ ಮದ್ಯವೆಲ್ಲ ಹಾರಿಹೋಗುತ್ತೆ ಅನ್ನೋದು ನಿಜವಲ್ಲ, ಒಂದಿಷ್ಟು ಉಳಿಯುತ್ತೆ. ಬೇಡ ಅನ್ನುವವರಿಗೆ ಕಿತ್ತಳೆ ರಸದಲ್ಲಿ ನೆನೆಸಿ ಮಾಡಿ. ರಸದ ನೀರು ಹೆಚ್ಚು ಸೇರುವುದರಿಂದ ಅದು ಅಷ್ಟು ದಿನ ಬಾಳದು, ಇಲ್ಲೇ ಹತ್ತಿರದವರಿಗೆ ಕೊಡಲು ಸರಿ. ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. "ಮಗ ಅಷ್ಟು ದೂರದಿಂದ ಕಳಿಸಿದ್ದು" ಅಂತ ಬೂಷ್ಟು ಹಿಡಿದ ಚೂರನ್ನು ಕೆರೆದು ಉಳಿದದ್ದನ್ನು ತಿನ್ನುವ ಅಮ್ಮಂದಿರು ಬಹಳ. ಮೇಲೆ ಹಸಿರು ಚುಕ್ಕೆ ಕಂಡಾಗ ಮೆತ್ತನೆ ಬ್ರೆಡ್ಡಿನ ಒಳಗೆ ಕಾಣದ ಎಳೆಗಳು ಆಗಲೇ ಇಳಿದಿರುತ್ತವೆ, ಕೆಲವು ಬೂಷ್ಟುಗಳು ವಿಷವನ್ನೂ ಬಿಡುತ್ತವೆ. ಪೂರ್ತಿ ಎಸೆಯಲು ಹೇಳಿ, ಇನ್ನೊಂದು ಕಳಿಸ್ತೀನಿ ಅಂತಲೂ ಹೇಳಿ.

ಕತ್ತರಿಸುವಾಗ ತುದಿಯಿಂದ ಅಲ್ಲ, ನಡುವಿನಿಂದ ಶುರು ಮಾಡಲಿ. ಒಣ ಚಾಕುವಿನಿಂದ ಬೇಕಾದಷ್ಟು ಚೂರು ತೆಗೆದು, ಉಳಿದ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಮತ್ತೆ ಸುತ್ತಿಟ್ಟರೆ, ಕತ್ತರಿಸಿದ ಮುಖಕ್ಕೆ ಗಾಳಿ ತಾಗೋದಿಲ್ಲ. ಬೇಯಿಸಿದ ದಿನಾಂಕವನ್ನು ಪೊಟ್ಟಣದ ಮೇಲೆ ದೊಡ್ಡದಾಗಿ, ಕನ್ನಡದಲ್ಲೇ ಬರೆದುಬಿಡಿ.