ನೆತ್ತಿಯ ಮೇಲೆ ಬಿಸಿಲು, ನಿಂತ ಫ್ಯಾನು

ಕಳೆದ ಏಪ್ರಿಲ್‌ನಲ್ಲಿ ಚಳ್ಳಕೆರೆ ಕಡೆಯ ನಮ್ಮ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಮುದ್ದೆ ಉಂಡು ಪಡಸಾಲೆಯಲ್ಲಿ ಚಾಪೆ ಹಾಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ತಾರಸಿಯ ಮೇಲೆ ಹೊಸದಾಗಿ ಹಾಕಿಸಿದ ಮೂರು ಕಿಲೋವ್ಯಾಟಿನ ಸೋಲಾರ್ ಪ್ಲೇಟುಗಳು ಫಳಫಳ ಹೊಳೆಯುತ್ತಿವೆ. ಕೆಳಗೆ ಫ್ಯಾನು ನಾಲ್ಕು ಸುತ್ತು ಸುತ್ತಿ ನಿಂತೇಬಿಟ್ಟಿತು. ದೊಡ್ಡಪ್ಪ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತ ನನ್ನನ್ನೇ ದಬಾಯಿಸಿದರು: "ಅಲ್ಲಾ ಮಗಾ, ಸೂರ್ಯ ನೆತ್ತಿ ಮೇಲೇ ಕುಂತವ್ನೆ, ನಮ್ಮನೇಲಿ ಕರೆಂಟಿಲ್ಲ ಅಂದ್ರೆ ಏನರ್ಥ? ಇನ್ಮೇಲೆ ಕರೆಂಟ್ ಹೋಗೋ ಮಾತೇ ಇಲ್ಲ ಅಂದಿದ್ದ ಆ ಹುಡುಗ."

ಹಾಕಿಕೊಟ್ಟ ಹುಡುಗ ಹಾಗೆ ಹೇಳಬಾರದಿತ್ತು. ಆದರೆ ಇದು ಅವನೊಬ್ಬನ ತಪ್ಪೂ ಅಲ್ಲ. ತಾರಸಿ ಸೋಲಾರ್ ಎಂದರೆ ದೊಡ್ಡದೊಂದು ಯುಪಿಎಸ್ ಎಂದೇ ಬಹಳ ಜನ ತಿಳಿದಿದ್ದಾರೆ. ಬ್ಯಾಟರಿಯಿಲ್ಲದೆ ಊರ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಕೆಟ್ಟು ನಿಲ್ಲುವುದಲ್ಲ, ಅದನ್ನು ಮಾಡಿರುವುದೇ ಹಾಗೆ. ಟಿಸಿ ಆಫ್ ಮಾಡಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ತಂತಿ ಸತ್ತಿದೆ ಎಂಬ ಧೈರ್ಯದ ಮೇಲೆ ಕೈ ಹಾಕುತ್ತಾನೆ. ಆಗ ಯಾರದೋ ತಾರಸಿಯಿಂದ ಹಿಮ್ಮುಖವಾಗಿ ಕರೆಂಟು ಹರಿದು ಬಂದರೆ ಅವನ ಗತಿ? ಅದಕ್ಕೇ ಈ ಕಟ್ಟುಪಾಡು. ದೊಡ್ಡಪ್ಪನಿಗೆ ಇದು ಥಟ್ಟನೆ ಅರ್ಥವಾಯಿತು, ಅವರ ಓರಗೆಯವರೊಬ್ಬರ ಮಗ ಲೈನ್‌ಮನ್. ಫ್ಯಾನು ಮಾತ್ರ ತಿರುಗಲಿಲ್ಲ.

ಹಾಗಾದರೆ ಅದರಿಂದ ಉಪಯೋಗವೇನು? ಬಿಲ್ಲು ಇಳಿಯುತ್ತದೆ, ಅಷ್ಟೇ. ಮೂರು ಕಿಲೋವ್ಯಾಟಿನ ಪ್ಲೇಟು ಒಳ್ಳೆಯ ದಿನ ಹನ್ನೆರಡು ಯೂನಿಟ್ಟಿನ ಆಸುಪಾಸು ಕೊಡುತ್ತದೆ. ಹಗಲು ಮಿಕ್ಕಿದ್ದು ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದ್ದು ಲೈನಿನಿಂದ ಬರುತ್ತದೆ, ನೆಟ್ ಮೀಟರು ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಇಷ್ಟು ದೊಡ್ಡದಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಕರೆಂಟು ಹೋದಾಗಲೂ ಮನೆ ನಡೆಯಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರು ಬೇಕು, ಅದರ ಖರ್ಚು ಬೇರೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆಯಾಗಿರುವ ಮನೆಯವರಿಗೆ ಇದೆಲ್ಲ ಯಾಕೆ ಎನ್ನಿಸಿದರೆ ಅವರನ್ನು ತಪ್ಪೆನ್ನಲಾರೆ.

ಏಪ್ರಿಲ್ ಬಿಸಿಲನ್ನು ನೋಡಿ ದೊಡ್ಡಪ್ಪನಿಗೆ ಇನ್ನೊಂದು ಆಸೆಯೂ ಇತ್ತು: ಬಿಸಿಲು ಕಾದಷ್ಟೂ ಕರೆಂಟು ಜಾಸ್ತಿ. ಈ ಕಲ್ಪನೆ ಎಲ್ಲಿಂದ ಬಂತೆಂದು ನನಗೊಂದು ಗುಮಾನಿ. ನಮ್ಮಲ್ಲಿ 'ಸೋಲಾರ್' ಎಂಬ ಮಾತು ಮನೆಮನೆಗೆ ಬಂದದ್ದು ಸ್ನಾನದ ನೀರು ಕಾಯಿಸುವ ಸಾಧನದ ಜೊತೆ. ಅದಕ್ಕೆ ಬೇಕಾದ್ದು ಶಾಖ. ಕರೆಂಟು ಕೊಡುವ ಪ್ಲೇಟಿಗೆ ಬೇಕಾದ್ದು ಬೆಳಕು. ಶಾಖ ಅದಕ್ಕೆ ಆಗಿಬರುವುದೇ ಇಲ್ಲ. ಪ್ಲೇಟಿನ ಮೇಲೆ ಬರೆದಿರುವ ಸಾಮರ್ಥ್ಯವನ್ನು 25 ಡಿಗ್ರಿಯಲ್ಲಿ ಅಳೆದಿರುತ್ತಾರೆ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು ಶೇ 0.3ರಿಂದ 0.4ರಷ್ಟು ಕಡಿತ. ಬೇಸಿಗೆಯ ಮಧ್ಯಾಹ್ನ ಪ್ಲೇಟು 65 ಡಿಗ್ರಿಗೆ ಕಾದರೆ ಏಳನೆಯ ಒಂದು ಪಾಲು ಅಲ್ಲೇ ಸೋರಿಹೋಯಿತು. ಮೋಡವಿಲ್ಲದ, ತಣ್ಣನೆ ಗಾಳಿಯ ಫೆಬ್ರುವರಿ ಅದಕ್ಕೆ ಹೆಚ್ಚು ಇಷ್ಟ.

ಕಲ್ಲಿದ್ದಲಿನ ಕರೆಂಟಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಓಡಿಸಿದರೆ ಹೊಗೆ ಇಲ್ಲಿಂದ ರಾಯಚೂರಿಗೆ ಹೋಯಿತಷ್ಟೇ ಎಂಬ ಮಾತು ಇನ್ನೊಂದು. ಲೆಕ್ಕ ಹಾಕೋಣ. ಪೆಟ್ರೋಲ್ ಸ್ಕೂಟರು ನೂರು ಕಿಲೋಮೀಟರಿಗೆ ಎರಡು ಲೀಟರಿಗಿಂತ ತುಸು ಹೆಚ್ಚು ಕುಡಿಯುತ್ತದೆ. ಒಂದು ಲೀಟರು ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿನ ತೂಕವೇ ಮುಕ್ಕಾಲು ಕಿಲೋ ಇರುವಾಗ ಇದು ಹೇಗೆಂದರೆ, ಗಾಳಿಯ ಆಮ್ಲಜನಕವೂ ಬಂದು ಸೇರಿಕೊಳ್ಳುತ್ತದೆ. ಒಟ್ಟು ಐದು ಕಿಲೋ. ಎಲೆಕ್ಟ್ರಿಕ್ ಸ್ಕೂಟರಿಗೆ ಅಷ್ಟೇ ದೂರಕ್ಕೆ, ತಂತಿಯಲ್ಲಿ ಸೋರುವುದನ್ನೂ ಸೇರಿಸಿ, ಸುಮಾರು ನಾಲ್ಕು ಯೂನಿಟ್. ಕಲ್ಲಿದ್ದಲೇ ಹೆಚ್ಚಿರುವ ನಮ್ಮ ದೇಶದ ಸರಾಸರಿ, ಯೂನಿಟ್ಟಿಗೆ ಮುಕ್ಕಾಲು ಕಿಲೋದೊಳಗೆ. ಅಂದರೆ ಮೂರು ಕಿಲೋ ಮೀರುವುದಿಲ್ಲ. ಬ್ಯಾಟರಿ ತಯಾರಿಸುವಾಗಿನ ಹೊಗೆ ಬೇರೆ ಇದೆ, ನಿಜ. ದಿನಾ ಓಡಿಸುವ ಗಾಡಿ ಆ ಸಾಲವನ್ನು ತೀರಿಸುತ್ತದೆ. ಅಂಗಳದಲ್ಲಿ ನಿಂತೇ ಇರುವ ಗಾಡಿ ತೀರಿಸುವುದಿಲ್ಲ.

ಬ್ಯಾಟರಿ ಎಂದರೆ ಮಂಡ್ಯ ನೆನಪಾಗಬೇಕು. ಮರಳಗಾಲದ ಸುತ್ತ 1,600 ಟನ್ ಲಿಥಿಯಂ ಇದೆಯೆಂಬ ಅಂದಾಜು 2021ರಲ್ಲಿ ಹೊರಬಿದ್ದಾಗ, ಕಬ್ಬಿನ ನಾಡು ಇನ್ನು ಸೌದಿ ಅರೇಬಿಯಾ ಆಗುತ್ತದೆಂದು ವಾಟ್ಸ್ಆ್ಯಪ್‌ನಲ್ಲಿ ಹಬ್ಬ. ಒಂದು ಸಾಧಾರಣ ಎಲೆಕ್ಟ್ರಿಕ್ ಕಾರಿಗೆ ಎಂಟು ಕಿಲೋ ಲಿಥಿಯಂ ಹಿಡಿಯಿರಿ. ನೆಲದಲ್ಲಿರುವುದು ಒಂದು ಗ್ರಾಂ ಬಿಡದೆ ಕೈಗೆ ಸಿಕ್ಕಿತೆಂದರೂ, ಅದು ಸಿಗುವುದಿಲ್ಲ, ಎರಡು ಲಕ್ಷ ಕಾರಿಗೆ ಅದು ಮುಗಿಯಿತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಲಕ್ಷ ಕಾರು ಎಂದರೆ ಎಷ್ಟೆಂದು ಅಲ್ಲಿ ಸಿಕ್ಕಿಹಾಕಿಕೊಂಡವರಿಗೆ ಗೊತ್ತು.

ಇನ್ನು ನೀರು ಹಾಕಿದರೆ ಓಡುವ ಬೈಕಿನ ವಿಡಿಯೊ. ತಮಿಳುನಾಡಿನ ರಾಮರ್ ಪಿಳ್ಳೈ 1996ರಲ್ಲಿ ನೀರಿಗೆ ಸೊಪ್ಪು ಹಾಕಿ ಪೆಟ್ರೋಲ್ ಮಾಡುತ್ತೇನೆಂದು ದೇಶವನ್ನೇ ಬೆರಗುಗೊಳಿಸಿ, ಕೊನೆಗೆ ವಂಚನೆ ಪ್ರಕರಣದಲ್ಲಿ ಶಿಕ್ಷೆಗೆ ಗುರಿಯಾದದ್ದು ಹಳೆಯ ಕತೆ. ಈಗ ಅದೇ ನೀರು 'ಹೈಡ್ರೋಜನ್' ಎಂಬ ಹೊಸ ಹೆಸರಿನಲ್ಲಿ ಬಂದಿದೆ. ನೀರೆಂದರೆ ಹೈಡ್ರೋಜನ್ ಉರಿದು ಉಳಿದ ಬೂದಿ. ಬೂದಿಯಿಂದ ಒಲೆ ಹೊತ್ತುವುದಿಲ್ಲ. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು ಐವತ್ತು ಯೂನಿಟ್ಟಿಗೂ ಮೇಲೆ ಕರೆಂಟು ಬೇಕು. ಆ ಕಿಲೋದಲ್ಲಿ ಅಡಗಿರುವುದು 33 ಯೂನಿಟ್. ಹಾಗಂತ 2023ರ ಜನವರಿಯಲ್ಲಿ ಕೇಂದ್ರ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್ ಪೊಳ್ಳಲ್ಲ. ಯೂರಿಯಾಕ್ಕೆ ಬೇಕಾದ ಅಮೋನಿಯ, ಉಕ್ಕಿನ ಕುಲುಮೆ, ತೈಲ ಶುದ್ಧೀಕರಣ ಘಟಕ, ಇಂಥ ಕಡೆ ಅದಕ್ಕೆ ಕೆಲಸವಿದೆ. ನಿಮ್ಮ ಬೈಕಿಗಲ್ಲ.

ಇಷ್ಟೆಲ್ಲ ತಪ್ಪು ತಿಳಿವಳಿಕೆಯ ಹಿಂದೆ ಇರುವುದು ಒಂದೇ ಪ್ರಶ್ನೆ: ಕರೆಂಟು ಎಲ್ಲಿಂದ ಬರುತ್ತದೆ? ಕೇಳಬೇಕಾದ್ದು ಯಾವಾಗ ಬರುತ್ತದೆ ಮತ್ತು ಯಾರ ನೆಲದಿಂದ ಬರುತ್ತದೆ ಎಂದು.

ಹಗಲು ಸೋಲಾರ್ ಧಾರಾಳ, ಸಂಜೆ ಆರೂವರೆಗೆ ಖಾಲಿ. ಆಗಲೇ ಊರೆಲ್ಲ ದೀಪ, ಮಿಕ್ಸಿ, ಟೀವಿ. ಈ ಧಾರಾಳದಿಂದ ಒಂದು ಒಳ್ಳೆಯದಾಗಿದೆ, ಅದನ್ನು ಯಾರೂ ಹೊಗಳುವುದಿಲ್ಲ: ಕೆಲವು ಕಡೆ ಪಂಪ್‌ಸೆಟ್ಟಿನ ತ್ರೀ ಫೇಸ್ ಹಗಲಿಗೆ ಬಂದಿದೆ. ನಡುರಾತ್ರಿ ಟಾರ್ಚು ಹಿಡಿದು, ಹಾವಿಗೆ ಹೆದರುತ್ತ ಮೋಟರ್ ಹಾಕಲು ಹೋದವರಿಗೆ ಇದರ ಬೆಲೆ ಗೊತ್ತು.

ಹಗಲಿನದನ್ನು ಸಂಜೆಗೆ ಎತ್ತಿಡುವ ದಾರಿಯಾಗಿ ಬಂದಿರುವುದೇ ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ. ಇದನ್ನು ಜೋಗದಂಥ ಇನ್ನೊಂದು ವಿದ್ಯುತ್ ಕೇಂದ್ರ ಎಂದುಕೊಂಡವರೇ ಹೆಚ್ಚು. ಅಲ್ಲ. ಕರೆಂಟು ಮಿಕ್ಕಾಗ ಗೇರುಸೊಪ್ಪದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಸಾಲದಾದಾಗ ಕೆಳಗೆ ಬಿಡುವುದು. ಹತ್ತು ಯೂನಿಟ್ ಖರ್ಚು ಮಾಡಿ ಎತ್ತಿದರೆ ಏಳೆಂಟು ಯೂನಿಟ್ ವಾಪಸು ಬರುತ್ತದೆ. ಹೊಸದಾಗಿ ಹುಟ್ಟುವುದು ಏನೂ ಇಲ್ಲ. ಅದು ಕಣಜ, ಗದ್ದೆಯಲ್ಲ. ಕಣಜ ಬೇಕೇ ಬೇಕು. ಆದರೆ ಅದನ್ನು ಸಿಂಗಳೀಕದ ಅಭಯಾರಣ್ಯದ ನೆಲದಡಿ ಸುರಂಗ ಕೊರೆದೇ ಕಟ್ಟಬೇಕೇ, ಬೇರೆ ಜಾಗವೋ ಬ್ಯಾಟರಿಯೋ ಆಗದೇ ಎಂಬುದೇ ಅಲ್ಲಿನ ಜಗಳ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗೆ ಮನೆಮಠ ಬಿಟ್ಟುಕೊಟ್ಟವರ ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿರುವಾಗ, ಆ ಕಣಿವೆಯವರು ಸರ್ಕಾರದ ಮಾತನ್ನು ಸುಲಭಕ್ಕೆ ನಂಬುವುದಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಯಾರ ನೆಲ ಎಂಬ ಪ್ರಶ್ನೆಗೆ ಪಾವಗಡದ ಸೋಲಾರ್ ಪಾರ್ಕಿಗಿಂತ ಒಳ್ಳೆಯ ಪಾಠ ಇಲ್ಲ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುತ್ತ 13,000 ಎಕರೆ, 2,050 ಮೆಗಾವ್ಯಾಟ್. ಕಡಲೆಕಾಯಿ ಹೊಲ ಇದ್ದಲ್ಲಿ ಈಗ ಕಣ್ಣು ಹಾಯುವಷ್ಟು ದೂರ ನೀಲಿ ಗಾಜು. 'ಪ್ಲೇಟುಗಳ ಕಾವಿಗೆ ಮೋಡ ಓಡಿಹೋಗುತ್ತದೆ, ಅದಕ್ಕೇ ಮಳೆಯಿಲ್ಲ' ಎಂಬ ಮಾತು ಆ ಕಡೆ ಕಿವಿಗೆ ಬೀಳುತ್ತದೆ. ಮೂಢನಂಬಿಕೆ ಎಂದು ನಗುವುದಕ್ಕೆ ಮೊದಲು ಒಂದು ಸಂಗತಿ: ಅಮೆರಿಕದ ಅರಿಜೋನಾದಲ್ಲಿ ಅಳೆದು ನೋಡಿದಾಗ, ಸೋಲಾರ್ ಘಟಕದ ಮೇಲಿನ ಗಾಳಿ ರಾತ್ರಿ ಹೊತ್ತು ಪಕ್ಕದ ಬಯಲಿಗಿಂತ ಮೂರು ನಾಲ್ಕು ಡಿಗ್ರಿ ಬೆಚ್ಚಗಿತ್ತು, ಆ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕಾವು ಏರುತ್ತದೆ ಎಂಬುದು ಹಾಗಾದರೆ ಬರೀ ಭ್ರಮೆಯಲ್ಲ. ಮಳೆಯ ಮಾತು ಬೇರೆ. ಮುಂಗಾರು ಸಾವಿರಾರು ಕಿಲೋಮೀಟರಿನ ಲೆಕ್ಕದ್ದು, ಹದಿಮೂರು ಸಾವಿರ ಎಕರೆಗೆ ಅದು ಅಂಜುವುದಿಲ್ಲ. ಪ್ಲೇಟು ಬರುವ ಎಷ್ಟೋ ಮೊದಲೇ ಪಾವಗಡ ಬರದ ಪಟ್ಟಿಯಲ್ಲಿ ಖಾಯಂ ಆಗಿತ್ತು.

ಪೇಟೆಯವರ ತಪ್ಪು ಕಲ್ಪನೆ ಇದಕ್ಕಿಂತ ದೊಡ್ಡದು: ರೈತರ ಜಮೀನು ಹೋಯಿತು ಎಂದು ಕೆಲವರು, ಕೂತು ತಿನ್ನುವಷ್ಟು ಬಾಡಿಗೆ ಬರುತ್ತದೆ ಎಂದು ಕೆಲವರು. ಜಮೀನು ಮಾರಿಲ್ಲ, 28 ವರ್ಷದ ಗುತ್ತಿಗೆ. ಪಹಣಿಯಲ್ಲಿ ಹೆಸರು ರೈತನದೇ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ನಂಬಿ ಸಾಲ ಮಾಡುತ್ತಿದ್ದ ಖುಷ್ಕಿ ಜಮೀನಿಗೆ ಇದು ಮೊದಮೊದಲು ಬಂಗಾರವೇ. ಆದರೆ ಆ ಏರಿಕೆಯನ್ನು ಕೊನೆಯವರೆಗೂ ಕೂಡಿಸುತ್ತ ಹೋಗಿ. ಕಡೆಯ ವರ್ಷದ ಬಾಡಿಗೆ 40,000ದ ಒಳಗೇ ನಿಲ್ಲುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ, ಮೊದಲ ದಿನ 21,000ಕ್ಕೆ ಬರುತ್ತಿದ್ದ ಸಾಮಾನು ಗುತ್ತಿಗೆ ಮುಗಿಯುವ ಹೊತ್ತಿಗೆ 80,000 ದಾಟಿರುತ್ತದೆ. ಬಾಡಿಗೆ ಪ್ರತಿ ಸಲ ಏರುತ್ತಲೇ, ಅದರ ಕೊಳ್ಳುವ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ಇದು ಪಹಣಿಯಲ್ಲಿ ಹೆಸರಿರುವವರ ಲೆಕ್ಕ. ಅದೇ ಹೊಲಗಳಲ್ಲಿ ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದವರಿಗೆ ಬಾಡಿಗೆ ಬರುವುದಿಲ್ಲ. ಕಟ್ಟುವಾಗ ಸಾವಿರಾರು ಕೈಗಳು ಬೇಕಿದ್ದ ಜಾಗದಲ್ಲಿ, ಕಟ್ಟಿ ಮುಗಿದ ಮೇಲೆ ಉಳಿದದ್ದು ಪ್ಲೇಟು ತೊಳೆಯುವ, ನಡುವೆ ಬೆಳೆದ ಹುಲ್ಲು ಕೊಯ್ಯುವ, ಗೇಟು ಕಾಯುವ ಕೆಲಸ. ಅಷ್ಟಕ್ಕೆ ಕೆಲವೇ ಜನ ಸಾಕು. ಮಿಕ್ಕವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ.