ಕೌಜಲಗಿಯ ಪೇಟೆಯೂ ಹೊಲದ ಬಸಿಗಾಲುವೆಯೂ

ಕೌಜಲಗಿಯಂಥ ಊರಿನ ಪೇಟೆಯು ಸುತ್ತಲಿನ ಒಕ್ಕಲುತನವನ್ನೇ ನಂಬಿರುವದು. ಘಟಪ್ರಭೆಗೆ ಧೂಪದಾಳದಲ್ಲಿ 1897ರಲ್ಲಿ ಒಡ್ಡು ಕಟ್ಟಲಾಯಿತು. 1977ರಲ್ಲಿ ಹಿಡಕಲ್ ಜಲಾಶಯವು ಪೂರ್ಣವಾದ ಬಳಿಕ ಗೋಕಾಕ ಸೀಮೆಯಲ್ಲಿ ಜೋಳದ ಎಷ್ಟೋ ಹೊಲಗಳು ಕಬ್ಬಿಗೆ ತಿರುಗಿದವು. ಪೇಟೆಗೆ ಹಣ ಬಂದಿತು.

ಆದರೆ ಎರೆಭೂಮಿಯು ನೀರನ್ನು ಬೇಗನೆ ಬಸಿದುಬಿಡದು. ಮಿತಿಮೀರಿ ಹಾಯಿಸಿದ ನೀರು ಅಡಿಯಲ್ಲಿ ನಿಂತು ಮೇಲಕ್ಕೇರುವದು. ಬಿಸಿಲಿಗೆ ಅದು ಆರಿದಾಗ ಉಪ್ಪು ಮಾತ್ರ ಉಳಿದು ಹೊಲವು ಸವಳಾಗುವದು. ಘಟಪ್ರಭೆಯ ಕಾಲುವೆಗಳ ಕೆಳಗೆ ಒಳ್ಳೊಳ್ಳೆಯ ಜಮೀನು ಹೀಗೆ ಕೆಟ್ಟಿರುವದುಂಟು. ಸಾಲು ಬಿಟ್ಟು ಸಾಲಿಗೆ ನೀರುಣಿಸುವದು ಒಬ್ಬ ರೈತನ ಕೈಯಲ್ಲಿದೆ. ಬಸಿಗಾಲುವೆಯ ಮಾತು ಹಾಗಲ್ಲ. ಕೆಳಗಿನ ಹೊಲದವನು ದಾರಿ ಕೊಡದಿದ್ದರೆ ಮೇಲಿನವನ ನೀರು ಎಲ್ಲಿಗೆ ಹೋಗಬೇಕು? ಆದಕಾರಣ ಊರಿನ ಹಿರಿಯರು ರಸ್ತೆ, ದೀಪಗಳ ಜೊತೆಗೆ ಈ ಮಾತನ್ನೂ ಪಂಚಾಯತಿಯಲ್ಲಿ ಎತ್ತಿ, ಹಳ್ಳದ ವರೆಗೆ ಬಸಿಗಾಲುವೆಯ ಜಾಡು ಗೊತ್ತುಮಾಡಿಸಿ, ಮಳೆಗಾಲಕ್ಕೆ ಮುಂಚಿತವಾಗಿಯೇ ಹೂಳು ತೆಗೆಯಿಸತಕ್ಕದ್ದು.